ಜಿಮ್ಮಿಗೆ ಬುದ್ಧಿ ಕಲಿಸಿದ್ದು

ಅಮೃತಾ ಸೊಸೆಯಾಗಿ ಕೊಟ್ಟೂರಿಗೆ ಬಂದು ಕೈಯ ಹಸಿರು ಬಳೆ ಇನ್ನೂ ಒಂದೂ ಒಡೆದಿರಲಿಲ್ಲ, ಅಷ್ಟರಲ್ಲಿ ಅದೇ ಮನೆಗೆ ನಾಯಿಮರಿಯೂ ಬಂತು. ಸೊಸೆಯನ್ನು ನೋಡಲು ಓಣಿಯ ನಾಲ್ಕು ಹೆಂಗಸರು ಬಂದು ಕುಂಕುಮ ಹಚ್ಚಿಸಿಕೊಂಡು ಹೋಗಿದ್ದರು. ನಾಯಿಮರಿಯನ್ನು ನೋಡಲು ಇಡೀ ಓಣಿಯೇ ಬಂತು. ತಿಳಿ ಕಂದು ಬಣ್ಣದ, ಜೋತುಬಿದ್ದ ಕಿವಿಯ ಲ್ಯಾಬ್ರಡಾರ್ ಮರಿ. ದಾವಣಗೆರೆಯಿಂದ ಅದನ್ನು ತಂದವನು ಅಮೃತಾಳ ಗಂಡ ಪ್ರವೀಣಕುಮಾರ್. ಜೊತೆಗೆ ಸರಳಿನ ಬೋನೊಂದನ್ನೂ ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದಿದ್ದ. ಕಬ್ಬಿಣ ಮಾರುವವರ ಮನೆಗೆ ದಾವಣಗೆರೆಯಿಂದ ಕಬ್ಬಿಣ ಬಂತು ಎಂದು ಓಣಿಯವರು ನಕ್ಕರು.

ಅವಳ ಮಾವ ಕರಿಸಿದ್ದಪ್ಪನವರದು ಬಸ್ ನಿಲ್ದಾಣದ ಹತ್ತಿರ ಕಬ್ಬಿಣ, ಸಿಮೆಂಟಿನ ಅಂಗಡಿ. ಸರಕೆಲ್ಲ ಇರುವುದು ಮನೆಗೆ ಅಂಟಿಕೊಂಡ ಗೋದಾಮಿನಲ್ಲಿ. ಹೋದ ವರ್ಷ ಕಳ್ಳರು ಗೋದಾಮಿನ ನಾಯಿಗೆ ಬಜ್ಜಿಯಲ್ಲಿ ವಿಷ ಇಟ್ಟು ಕೊಂದು, ಒಂದು ಟೆಂಪೊ ಸರಳು ಹೇರಿಕೊಂಡು ಹೋಗಿದ್ದರು. ಅಂದಿನಿಂದ ಮುದುಕರಿಗೆ ಸರಳು ಹೋದದ್ದಕ್ಕಿಂತ ಬಜ್ಜಿ ತಿಂದ ನಾಯಿಯ ಮೇಲೇ ಸಿಟ್ಟು.

"ಈ ಮರಿಗೆ ಮೊದಲಿಂದ ಬುದ್ಧಿ ಕಲಿಸಬೇಕಪ್ಪ," ಎಂದ ಪ್ರವೀಣಕುಮಾರ್, ಮೊಬೈಲನ್ನು ತಂದೆಯ ಮುಂದೆ ಹಿಡಿದು. "ಬೋನಿನಾಗ ಇರಾಕ ಕಲಿಬೇಕು. ಅದು ಅತ್ತಾಗ ಬಾಗಿಲು ತೆಗಿಬಾರದು. ತೆಗೆದ್ರ, ಅತ್ರ ತೆಗಿತಾರ ಅಂತ ತಿಳ್ಕೊಂತೈತಿ. ಸುಮ್ಮನಾದ ಮ್ಯಾಲೆ ತೆಗಿಬೇಕು."

ಆ ವಿಡಿಯೊದಲ್ಲಿ ಇನ್ನೂ ಏನೇನೋ ಇತ್ತು. ಮೊದಲು ಬಾಗಿಲು ತೆರೆದೇ ಇಡಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ, ತಿನ್ನಲು ಏನಾದರೂ ಕೊಟ್ಟು ಆಸೆ ಹಚ್ಚಿ, ಮರಿ ಹೆದರಿದರೆ ಹತ್ತಿರ ಕೂತುಕೊಳ್ಳಿ ಎಂದು ಒಬ್ಬ ಹುಡುಗಿ ನಗುನಗುತ್ತ ಹೇಳುತ್ತಿದ್ದಳು. ಪ್ರವೀಣಕುಮಾರ್ ಅದನ್ನೆಲ್ಲ ಬೆರಳಿನಿಂದ ಮುಂದಕ್ಕೆ ತಳ್ಳಿಬಿಟ್ಟಿದ್ದ. ಅವನಿಗೆ ಬೇಕಾದದ್ದು ಬಾಗಿಲು ಮುಚ್ಚುವುದು ಮಾತ್ರ.

"ತತ್ತಿನೂ ಹಾಕಬೇಕಂತ ಇದಕ್ಕ," ಎಂದು ಅವನು ಬಾಯಿ ತಪ್ಪಿ ಮೊಟ್ಟೆಯ ಮಾತೆತ್ತಿದ.

"ತತ್ತಿ ಗಿತ್ತಿ ಅಂದ್ರ ನಿನ್ನನ್ನೂ ಅದನ್ನೂ ಕೂಡೇ ಹೊರಗ ಹಾಕ್ತೀನಿ," ಎಂದಳು ಅವನ ತಾಯಿ ಕೊಟ್ರಮ್ಮ. "ಲಿಂಗ ಕಟ್ಟಿದ ಮನಿ ಇದು. ಹಾಲು ರೊಟ್ಟಿ ತಿಂದು ನೀನು ಬೆಳಿಲಿಲ್ಲೇನು?"

"ಯಾರು ನೋಡ್ಕೊಂತಾರ ಇದನ್ನ?" ಎಂದರು ಕರಿಸಿದ್ದಪ್ಪ.

ಮೂವರೂ ಅಡುಗೆಮನೆಯ ಕಡೆ ನೋಡಿದರು. ಅಮೃತಾ ರೊಟ್ಟಿ ಬಡಿಯುತ್ತಿದ್ದಳು. ಕೇಳುವ ಗೊಡವೆಗೂ ಯಾರೂ ಹೋಗಲಿಲ್ಲ.

ಮರಿಗೆ ಜಿಮ್ಮಿ ಎಂದು ಹೆಸರಿಟ್ಟರು. ಬೋನನ್ನು ಪಡಸಾಲೆಯಲ್ಲಿ, ಮುಂದಿನ ಬಾಗಿಲ ಪಕ್ಕದ ಮೆಟ್ಟಿಲ ಕೆಳಗೆ ಇಟ್ಟರು. ತಾಯಿಯನ್ನು ಬಿಟ್ಟು ಬಂದ ಕೂಸು, ಒಳಗೆ ಹಾಕಿ ಚಿಲಕ ಜಡಿದ ಕೂಡಲೇ ಅದು ಅಳಲು ಶುರುಮಾಡಿತು. ಅಮೃತಾಳ ಕೈ ಹಿಟ್ಟಿನಲ್ಲಿ ನಿಲ್ಲಲಿಲ್ಲ. ಹಲವಾಗಲಿನ ತವರಿನಲ್ಲಿ ತಾಯಿ ಸತ್ತ ಬೂದು ಕರುವಿಗೆ ಬಾಟ್ಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳು. ಕೈ ಒರೆಸಿಕೊಂಡು ಹೋಗಿ ಚಿಲಕ ತೆಗೆದು ಮರಿಯನ್ನು ಮಡಿಲಿಗೆ ಹಾಕಿಕೊಂಡಳು. ಅದು ಅವಳ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಅಲ್ಲಿಯೇ ನಿದ್ದೆಹೋಯಿತು.

"ತೆಗೆದ್ಯಾ?" ಎಂದಳು ಕೊಟ್ರಮ್ಮ ಹಿಂದಿನಿಂದ. "ಈಗಷ್ಟ ಹೇಳ್ಯಾನ ನನ್ನ ಮಗ. ಕಿವಿ ಅದಾವೋ ಇಲ್ಲೋ?"

"ಅಳಾಕತ್ತಿತ್ತು ಅತ್ತೇರ."

"ಅಳಲಿ. ಅತ್ತು ಅತ್ತು ಸುಮ್ಮನಾಗ್ತೈತಿ. ನೀನೂ ಬಂದ ಹೊಸದಾಗ ಅಡಗಿಮನ್ಯಾಗ ಮೂಗು ಏರಿಸ್ಕೊಂತ ಇದ್ದಿ. ಯಾರಾದ್ರೂ ಬಂದು ಮುದ್ದು ಮಾಡಿದ್ರೇನು? ಈಗ ಸುಮ್ಮನಾಗಿಲ್ಲೇನು?"

ಅಮೃತಾ ಸುಮ್ಮನಾಗಿರಲಿಲ್ಲ, ಸದ್ದು ಮಾಡದೆ ಅಳುವುದನ್ನು ಕಲಿತಿದ್ದಳು ಅಷ್ಟೆ. ಅವಳ ತಾಯಿ ಪುಷ್ಪಲತಾ ಹಲವಾಗಲಿನಿಂದ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ತಾಯಿಯ ದನಿ ಕೇಳಿದ್ದೇ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಕೊಟ್ರಮ್ಮ ಒಂದು ದಿನ ಫೋನನ್ನು ಅವಳ ಕಿವಿಯಿಂದಲೇ ಕಿತ್ತುಕೊಂಡು, "ನೋಡ್ರಿ ಬೀಗತಿ, ನೀವು ಹಿಂಗ ದಿನಾ ಮಾಡಿದ್ರ ಹುಡುಗಿ ಹೊಂದ್ಕೊಳ್ಳಂಗಿಲ್ಲ. ಆಕಿ ನಗುನಗುತ ಇದ್ದಾಗ ನಾನ ಹಚ್ಚಿ ಕೊಡ್ತೀನಿ. ಅಳೋವಾಗ ಬ್ಯಾಡ," ಎಂದಳು. ಆ ಕಡೆಯಿಂದ ಪುಷ್ಪಲತಾ, "ಹೌದ್ರಿ, ನೀವು ಹೇಳೋದು ಖರೇ ಐತಿ," ಎಂದದ್ದು ಅಮೃತಾಳಿಗೂ ಕೇಳಿಸಿತು. ಹೆತ್ತವಳು ಇಷ್ಟು ಬೇಗ ಒಪ್ಪಿಕೊಂಡಾಳೆಂದು ಅವಳು ಎಣಿಸಿರಲಿಲ್ಲ.

ಆಷಾಢ ಹತ್ತಿರ ಬಂತು. ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದು. ಅಮೃತಾ ಟ್ರಂಕಿನಿಂದ ಚೀಲ ತೆಗೆದು ಧೂಳು ಕೊಡವಿ ಇಟ್ಟಿದ್ದಳು.

"ಆಕಿ ಹೋದ್ರ ಮರಿ ಯಾರು ನೋಡ್ಕೊಂತಾರ?" ಎಂದ ಪ್ರವೀಣಕುಮಾರ್ ಊಟಕ್ಕೆ ಕೂತಾಗ. "ಕಲಿಯೋ ಹೊತ್ತಿನಾಗ ಕೈ ಬದಲಾದ್ರ ಕೆಡ್ತೈತಿ."

"ಹೊಸ್ತಿಲದ್ದು ಏನು ಮಾಡ್ತಿ?" ಎಂದರು ಕರಿಸಿದ್ದಪ್ಪ. ಪೂಜೆ ಪುನಸ್ಕಾರದ ಮನುಷ್ಯ, ಅವರಿಗೆ ಅದೊಂದು ಅಳುಕು.

ಕೊಟ್ರಮ್ಮ ಪುಂಡಿಪಲ್ಲೆ ಬಡಿಸುತ್ತ ಒಂದು ಗಳಿಗೆ ಯೋಚಿಸಿದಳು. "ಮನಿಗೆ ಎರಡು ಬಾಗಿಲು ಅದಾವಲ್ಲ. ನಾನು ಹಿತ್ತಲ ಬಾಗಿಲಾಗ ಅಡ್ಡಾಡ್ತೀನಿ. ಆಕಿ ಮುಂದಿನ ಬಾಗಿಲಾಗ ಅಡ್ಡಾಡ್ಲಿ. ಹೊಸ್ತಿಲು ಬ್ಯಾರೆ ಬ್ಯಾರೆ ಆತು. ದೇವರೇನು ಕೋರ್ಟು ನಡಸ್ತಾನೇನು?"

ಹೀಗೆ ಆಷಾಢಕ್ಕೇ ಬಾಗಿಲು ಹಾಕಿದ ಹೆಂಗಸು ಇಡೀ ತಾಲೂಕಿನಲ್ಲಿ ಅವಳೊಬ್ಬಳೇ ಇರಬೇಕು. ಆ ತಿಂಗಳೆಲ್ಲ ಕೊಟ್ರಮ್ಮ ಗುಡಿಗೆ ಹೋಗುವುದಕ್ಕೂ ಸಂತೆಗೆ ಹೋಗುವುದಕ್ಕೂ ಹಿತ್ತಲಿನಿಂದ, ಪಕ್ಕದವರ ಎಮ್ಮೆಯ ಸಗಣಿ ತುಳಿದುಕೊಂಡೇ ಹೋದಳು. ಪ್ರತಿ ಸಲ ಕಾಲು ತೊಳೆಯುವಾಗಲೂ, "ನಿನ್ನ ಸಲುವಾಗಿ ನೋಡು ನನ್ನ ಅವಸ್ಥಿ," ಎಂದು ಸೊಸೆಗೆ ಅನ್ನುವುದನ್ನು ತಪ್ಪಿಸಲಿಲ್ಲ.

ಆ ಮಳೆಗಾಲದಲ್ಲಿ ಜಿಮ್ಮಿ ಎಲ್ಲೆಂದರಲ್ಲಿ ಉಚ್ಚೆ ಹೊಯ್ಯುತ್ತಿತ್ತು. ಹೊರಗೆ ಕರೆದೊಯ್ಯಲು ಅಮೃತಾಳಿಗೆ ಕೈ ಬಿಡುವಿರುತ್ತಿರಲಿಲ್ಲ, ಬಿಡುವಾದಾಗ ಅದು ಹೊಯ್ದು ಮುಗಿಸಿರುತ್ತಿತ್ತು. ಒಂದು ಮುಂಜಾನೆ ಕರಿಸಿದ್ದಪ್ಪ ಸ್ನಾನ ಮಾಡಿ ಬರುವಷ್ಟರಲ್ಲಿ ಅದು ಅವರು ಪೂಜೆಗೆ ಕೂರುವ ಕಂಬಳಿಯ ಮೇಲೆ ನಿಂತು ತನ್ನ ಕೆಲಸ ಮುಗಿಸಿತು.

ಮುದುಕರು ಪೂಜೆ ಬಿಟ್ಟು ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋದರು. ಅನ್ನಬೇಕಾದದ್ದನ್ನೆಲ್ಲ ಕೊಟ್ರಮ್ಮ ಅಂದಳು. ಕಂಬಳಿ ಒಗೆಸಿದಳು, ಪಡಸಾಲೆಯಿಂದ ಅಡುಗೆಮನೆಯವರೆಗೆ ತೊಳೆಸಿದಳು, ತೊಳೆದದ್ದು ಸರಿಯಾಗಲಿಲ್ಲವೆಂದು ಮತ್ತೆ ತೊಳೆಸಿದಳು. ಸೊಸೆ ಒದ್ದೆ ಸೀರೆಯಲ್ಲಿ ನಡುಗುತ್ತ ಎದ್ದು ನಿಂತಾಗ ದನಿ ಇಳಿಸಿ ಹೇಳಿದಳು.

"ಪಂಚಮಿಗೆ ಹೋಗೋ ಆಸಿ ಐತೇನು?"

ಅಮೃತಾ ತಲೆಯಾಡಿಸಿದಳು. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿ, ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಹಲವಾಗಲಿನಲ್ಲಿ ಅವರ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೀಕಿ ಮೇಲೆ ಹೋದಾಗ ಹೊಳೆ ಕಾಣುತ್ತದೆ. ಕೊಟ್ಟೂರಿಗೆ ಬಂದ ದಿನದಿಂದ ಅವಳು ಕಣ್ಣು ಮುಚ್ಚಿದಾಗಲೆಲ್ಲ ಆ ಹೊಳೆಯನ್ನೇ ನೋಡುತ್ತಿದ್ದಳು.

"ಹಂಗಾರ ಇದಕ್ಕ ಕಲಿಸು. ಅಳಬಾರದು, ಮನ್ಯಾಗ ಹೊಯ್ಯಬಾರದು. ಅದು ಕಲಿತ ದಿನ ನಿಮ್ಮಣ್ಣನ ಕರಸ್ಕೊ. ನಾನ ಉಡಿ ತುಂಬಿ ಕಳಸ್ತೀನಿ."

ಅಂದಿನಿಂದ ಅಮೃತಾ ಬೇರೆಯವಳಾದಳು. ಮಧ್ಯಾಹ್ನ ದಾಟಿದ ಮೇಲೆ ಮರಿಗೆ ನೀರು ಇಡುವುದನ್ನು ಬಿಟ್ಟಳು. ನೀರಿಲ್ಲದಿದ್ದರೆ ಹೊಯ್ಯುವುದೆಲ್ಲಿಂದ? ಅತ್ತರೆ ಬೋನಿನ ಮೇಲೆ ಸಿಮೆಂಟಿನ ಖಾಲಿ ಚೀಲಗಳನ್ನು ಹೊದಿಸಿ ಕತ್ತಲು ಮಾಡಿದಳು. ಆದರೂ ಅತ್ತರೆ ಹಿತ್ತಾಳೆಯ ಸೌಟಿನಿಂದ ಸರಳಿಗೆ ಬಡಿದಳು. ಆ ಸದ್ದಿಗೆ ಮರಿ ಮೂಲೆಗೆ ಮುದುಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೊದಲ ದಿನ ಅವಳಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಇಳಿಯಿತು. ಯಾವುದೂ ರೂಢಿಯಾಗದೆ ಇರುವುದಿಲ್ಲ, ಅದೇ ಮನುಷ್ಯಜನ್ಮದ ಹೊಲಸು ಸಂಗತಿ.

ಮರಿ ಕಲಿಯಿತು. ಬೋನಿನ ಬಾಗಿಲು ತೆರೆದರೂ ಅವಳು ಕರೆಯುವವರೆಗೆ ಹೊರಗೆ ಬಾರದು. ಹೊರಗೆ ಕರೆದೊಯ್ದರೆ ಹೊಯ್ದು ಸೀದಾ ಒಳಗೆ ಬಂದು ಕೂರುವುದು. ಪಕ್ಕೆಲುಬು ಕಾಣುತ್ತಿದ್ದವು, ಆದರೆ ಅಳು ಇರಲಿಲ್ಲ. ಪ್ರವೀಣಕುಮಾರ್ ಗೆಳೆಯರನ್ನು ಕರೆದು ತೋರಿಸಿದ. "ನನ್ನ ಹೆಣ್ತಿ ಕಲಿಸ್ಯಾಳ," ಎಂದು ಅವರ ಮುಂದೆ ಹೇಳಿದ. ಅಮೃತಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಆ ಮನೆಯಲ್ಲಿ ಅವಳ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಅವಳ ಮುಖ ಕೆಂಪಾಯಿತು. ಅಂದು ಸಂಜೆ ಮರಿ ಸುಮ್ಮನೆ ಒಂದು ಸಲ ಕುಂಯ್ ಎಂದದ್ದಕ್ಕೂ ಅವಳು ಸೌಟು ಹಿಡಿದು ಓಡಿದಳು.

"ಇನ್ನ ಒಂದು ಉಳಿದೈತಿ," ಎಂದರು ಕರಿಸಿದ್ದಪ್ಪ, ಒಂದು ದಿನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ. "ಬ್ಯಾರೆ ಮಂದಿ ಕೈಯಾಗ ತಿನ್ನಬಾರದು. ಹಿಂದಿನ ನಾಯಿ ಸತ್ತಿದ್ದು ಬಾಯಿ ಚಪಲಕ್ಕ."

"ಅದನ್ನ ಹೆಂಗ ಕಲಸ್ಬೇಕ್ರಿ ಮಾವಾರ?"

"ಮಂದಿ ಕೈಲಿ ಕೊಡ್ಸು. ಬಾಯಿ ಹಾಕಿದ್ರ ಒಂದು ಕೊಡು."

ಪಾತ್ರೆ ತಿಕ್ಕಲು ಬರುತ್ತಿದ್ದವಳು ಅಂಜಿನಕ್ಕ. ಅವಳ ಕೈಗೆ ಕೊಟ್ರಮ್ಮ ಬೆಲ್ಲ ಸವರಿದ ರೊಟ್ಟಿ ಚೂರು ಕೊಟ್ಟು ಬೋನಿನ ಮುಂದೆ ಕೂರಿಸಿದಳು. ಅಮೃತಾ ಕಸಬರಿಗೆಯನ್ನು ತಿರುಗಿಸಿ ಹಿಡಿದು ಪಕ್ಕದಲ್ಲಿ ನಿಂತಳು. ಮುಂಜಾನೆಯಿಂದ ಮರಿಗೆ ಏನೂ ಹಾಕಿರಲಿಲ್ಲ. ಅದು ಬಾಲ ಅಲ್ಲಾಡಿಸುತ್ತ ಬಂದು ಅಂಜಿನಕ್ಕನ ಕೈಗೆ ಬಾಯಿ ಹಾಕಿತು. ಕಸಬರಿಗೆಯ ಹಿಡಿ ಅದರ ಮೂತಿಯ ಮೇಲೆ ಬಿತ್ತು.

"ನನ್ನ ಕೈಲಿ ಈ ಪಾಪ ಮಾಡಿಸಬ್ಯಾಡ್ರಿ ಸಣ್ಣಮ್ಮಾರ," ಎಂದಳು ಅಂಜಿನಕ್ಕ. "ತಿನ್ನಾಕ ಕರೆದು ಬಡಿಯೋದು ಯಾವ ಊರಿನ ರೀತಿ?"

"ನೀ ಹಿಡಿ ಅಂಜಿನಕ್ಕ," ಎಂದಳು ಅಮೃತಾ. "ಪಂಚಮಿ ಬಂತು. ನಂಗ ಹೊತ್ತಿಲ್ಲ."

ಅಂಜಿನಕ್ಕ ಮತ್ತೆ ಹಿಡಿದಳು. ಮರಿ ಮತ್ತೆ ಬಂತು, ಈ ಸಲ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳುತ್ತ. ಮತ್ತೆ ಪೆಟ್ಟು ಬಿತ್ತು. ಮೂಗಿನಿಂದ ಸಣ್ಣಗೆ ರಕ್ತ ಬಂತು. ಇದು ದಿನಾ ನಡೆಯಿತು. ಅಂಜಿನಕ್ಕನ ಕೈಯಾದ ಮೇಲೆ ಪ್ರವೀಣಕುಮಾರನ ಕೈ, ಆಮೇಲೆ ಅತ್ತೆ ಮಾವನ ಕೈ. ಮನೆಯವರ ಕೈಯನ್ನು ಬಿಟ್ಟುಬಿಡಬಹುದಿತ್ತು. ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಅತ್ತೆ ಅದರಲ್ಲೊಂದು ತಪ್ಪು ಹುಡುಕಿ ತಡೆದಾಳೆಂದು ಅಮೃತಾ ಯಾರ ಕೈಯನ್ನೂ ಬಿಡಲಿಲ್ಲ. ಪೆಟ್ಟು ಮುಗಿದ ಮೇಲೆ ತಾನೊಬ್ಬಳೇ ತಟ್ಟೆಯಲ್ಲಿ ಹಾಲು ರೊಟ್ಟಿ ಕಲಸಿ ಇಡುವಳು. ಹೊಡೆದ ಕೈಯನ್ನೇ ನೆಕ್ಕಿ ಅದು ತಿನ್ನುವುದು. ಕಡೆಗೆ ಒಂದು ದಿನ ಯಾರು ಏನು ಹಿಡಿದರೂ ಅದು ಮುಖ ಗೋಡೆಗೆ ತಿರುಗಿಸಿ ಕೂತಿತು.

"ಕಲೀತು ಅತ್ತೇರ," ಎಂದಳು ಅಮೃತಾ. ಬೆವರಿನಲ್ಲಿ ತೊಯ್ದಿದ್ದಳು, ನಗುತ್ತಿದ್ದಳು.

"ಫೋನ್ ಮಾಡು ನಿಮ್ಮಣ್ಣಗ," ಎಂದಳು ಕೊಟ್ರಮ್ಮ.

ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ಅಣ್ಣ ಅರುಣಕುಮಾರ್ ಬೈಕಿನಲ್ಲಿ ಬಂದ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಬೀಗತಿಗೊಂದು ಸೀರೆ. ಅಮೃತಾ ನಸುಕಿನಲ್ಲೇ ತಲೆಗೆ ಎರೆದುಕೊಂಡು ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟಿದ್ದಳು. ಶ್ರಾವಣ ಹುಟ್ಟಿದ್ದರಿಂದ ಕೊಟ್ರಮ್ಮನೂ ಮುಂದಿನ ಬಾಗಿಲಲ್ಲೇ ಬಂದು ಅವನನ್ನು ಎದುರುಗೊಂಡಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು ಬಡಿಸಿದಳು. ಮಾತು ಬೆಣ್ಣೆಯ ಹಾಗಿತ್ತು.

"ಕರ್ಕೊಂಡು ಹೋಗಪ್ಪ. ಆಡಿ ಬರ್ಲಿ. ನಮ್ಮದೇನೂ ಅಡ್ಡಿಲ್ಲ. ಇದಕ್ಕೊಂದಿಷ್ಟು ಕೂಳು ಹಾಕೋದು, ಅದನ್ನ ನಾನ ನೋಡ್ಕೊಂತೀನಿ."

ಅಂದವಳೇ, ಎಲ್ಲರೆದುರು ಹೇಳಿದ ಮಾತು ಎಂದೋ ಏನೋ, ಹಾಲು ರೊಟ್ಟಿಯ ತಟ್ಟೆಯನ್ನು ತಾನೇ ತಂದು ಬೋನಿನ ಮುಂದೆ ಇಟ್ಟಳು. ಜಿಮ್ಮಿ ತಟ್ಟೆ ನೋಡಿತು. ಬಾಯಿಂದ ಜೊಲ್ಲು ಸುರಿಯಿತು. ಕೊಟ್ರಮ್ಮನ ಕೈ ನೋಡಿತು, ಮುಖ ಗೋಡೆಗೆ ತಿರುಗಿಸಿತು. ಪ್ರವೀಣಕುಮಾರ್ ಕೂತು ಪುಸಲಾಯಿಸಿದ. ಅದು ಇನ್ನಷ್ಟು ಹಿಂದೆ ಸರಿದು ನಡುಗಿತು. ಕರಿಸಿದ್ದಪ್ಪ ಉಂಡಿಯ ಚೂರು ಹಿಡಿದರು. ಅದು ಕಣ್ಣು ಮುಚ್ಚಿಕೊಂಡಿತು.

"ಶಭಾಷ್," ಎಂದರು ಮುದುಕರು. ಅವರಿಗೆ ಸಂತೋಷ ತಡೆಯಲಾಗಲಿಲ್ಲ. "ನಾಯಿ ಅಂದ್ರ ಇದು. ಆದ್ರ ಸೊಸಿ ಹೋದ್ರ ಇದು ಉಪವಾಸ ಬೀಳ್ತೈತಲ್ಲ."

ಅಮೃತಾ ತಾನೇ ಹೆಣೆದ ಬಲೆ, ಎಳೆ ಎಳೆಯೂ ತನ್ನದೇ ಕೈಯದು.

"ಮರಿನೂ ಕೂಡ ಕರ್ಕೊಂಡು ಹೋಗೋಣೇನ್ರಿ?" ಎಂದ ಅರುಣಕುಮಾರ್. "ಬೋನು ಬ್ಯಾಡ, ಹಂಗ ತೊಡಿ ಮ್ಯಾಲೆ ಕುಂದರಿಸ್ಕೊಂಡು..."

"ಹಬ್ಬದ ಮನಿ ಅದು," ಎಂದ ಪ್ರವೀಣಕುಮಾರ್. "ನೂರು ಮಂದಿ ಉಂಡಿ ತಿನ್ನಸ್ತಾರ. ಇಷ್ಟು ದಿನ ಕಲಿಸಿದ್ದು ಹೊಳ್ಯಾಗ ಹುಣಿಸೆಹಣ್ಣು ತೊಳೆದಂಗಾಗ್ತೈತಿ."

"ಹಸಿದ್ರ ತಿಂತೈತಿ ಬಿಡ್ರಿ," ಎಂದಳು ಅಮೃತಾ.

ಎಲ್ಲರೂ ಅವಳ ಕಡೆ ನೋಡಿದರು.

"ಎರಡು ದಿನ ಉಪವಾಸ ಕೆಡವಿದ್ರ ಯಾರ ಕೈಯಾಗಾದ್ರೂ ತಿಂತೈತಿ. ನೀರೂ ಇಡಬ್ಯಾಡ್ರಿ. ಚೀಲ ಹೊದಿಸಿ ಬಿಡ್ರಿ. ನಾ ಮಾಡಿ ನೋಡೀನಿ, ಸಾಯಂಗಿಲ್ಲ." ಅವಳು ಒಂದೇ ಉಸಿರಿಗೆ ಹೇಳಿದಳು. ಕೈ ಆಗಲೇ ಚೀಲದ ಹಿಡಿಯ ಮೇಲಿತ್ತು. "ಸತ್ರೂ ಇನ್ನೊಂದು ತರ್ರಿ. ನಡಿ ಅಣ್ಣ."

ಕೊಟ್ರಮ್ಮ ಸೆರಗನ್ನು ಬಾಯಿಗೆ ಹಚ್ಚಿಕೊಂಡಳು.

"ಕೇಳಿದೇನಪ್ಪ ಅರುಣ, ನಿನ್ನ ತಂಗಿ ಬಾಯಾಗಿನ ಮಾತು? ಮೂಕ ಪ್ರಾಣಿ. ಹೆಣ್ಣು ಹೆಂಗಸು ಆಡೋ ಮಾತಾ ಇದು? ಶಿವ ಶಿವ. ಎಂಥ ಕಟುಕರ ಮನಸು ತಂದಾಳಪ್ಪ ಈಕಿ ನಮ್ಮ ಮನಿಗೆ."

ಪ್ರವೀಣಕುಮಾರ್ ತಲೆ ತಗ್ಗಿಸಿದ. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಂಜಿನಕ್ಕ ಒಮ್ಮೆ ತಲೆಯೆತ್ತಿ ಕೊಟ್ರಮ್ಮನನ್ನು ನೋಡಿ, ಮತ್ತೆ ಬೂದಿಗೆ ಕೈ ಹಾಕಿದಳು. ಅವಳು ಬಾಯಿಬಿಟ್ಟಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಮನೆಗೆಲಸ ಕಳೆದುಕೊಳ್ಳುವ ಮಾತು ಯಾರು ಆಡುತ್ತಾರೆ?

ಅರುಣಕುಮಾರ್ ತಂಗಿಯ ಮುಖವನ್ನು ಗುರುತು ಹಿಡಿಯುವವನಂತೆ ನೋಡಿದ.

"ಬೂದು ಕರುನ ಬಾಟ್ಲಿ ಹಾಲು ಕುಡಿಸಿ ಬದುಕಿಸಿದಾಕಿ ನೀನ ಅಲ್ಲೇನ?"

"ಅಣ್ಣ, ಅದೆಲ್ಲ ದಾರ್ಯಾಗ ಹೇಳ್ತೀನಿ. ನಡಿ."

"ಹೆಂಗ ನಡಿಯೋದು? ಇಂಥಾ ಮಾತಾಡಿ ನನ್ನ ಮರ್ಯಾದಿ ಕಳೆದಿ." ಅವನು ಎದ್ದು ಕೊಟ್ರಮ್ಮನ ಕಡೆ ತಿರುಗಿದ. "ತಪ್ಪು ತಿಳ್ಕೊಬ್ಯಾಡ್ರಿ ಅತ್ತೇರ. ಆಕಿ ಇರ್ಲಿ. ಮರಿ ಸ್ವಲ್ಪ ದೊಡ್ಡದಾಗ್ಲಿ. ದೀಪಾವಳಿಗೆ ಬಂದು ಕರ್ಕೊಂಡು ಹೋಗ್ತೀನಿ."

"ನಿನ್ನ ದೊಡ್ಡ ಮನಸು," ಎಂದಳು ಕೊಟ್ರಮ್ಮ.

ಅಮೃತಾ ಅಣ್ಣನ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು, ಅವಳ ಕೈಗೆ ಉಂಡಿಯ ಡಬ್ಬಿ ಕೊಟ್ಟು ಹೊರಗೆ ಹೋದ. ಬೈಕು ಓಣಿಯ ತುದಿಗೆ ತಿರುಗುವವರೆಗೆ ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಆಮೇಲೆ ಚೀಲವನ್ನು ಒಳಗೆ ಒಯ್ದಿಟ್ಟು ಬಂದು, ತಟ್ಟೆಯನ್ನು ತಾನು ಎತ್ತಿ ತಾನೇ ಮತ್ತೆ ಇಟ್ಟಳು. ಜಿಮ್ಮಿ ಎದ್ದು ಬಂದು ಗಬಗಬ ತಿಂದಿತು. ತಿಂದು ಬಂದು ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಬಾಲ ನೆಲಕ್ಕೆ ಬಡಿಯುತ್ತಿತ್ತು. ಲೋಕದಲ್ಲಿ ಅದಕ್ಕೆ ಅವಳೊಬ್ಬಳೇ ದಿಕ್ಕು.

ಅಮೃತಾ ಕಾಲು ಎಳೆದುಕೊಂಡು ಮೂಲೆಯ ಕಸಬರಿಗೆಯ ಕಡೆ ನೋಡಿದಳು. ನೋಡಿದ್ದೇ ಸಾಕಾಯಿತು, ಅದು ತಾನಾಗಿ ಎದ್ದು ಬೋನಿನೊಳಗೆ ಹೋಗಿ ಕೂತಿತು. ಅವಳು ಚಿಲಕ ಹಾಕಿದಳು.

ಒಳಗೆ ಕೊಟ್ರಮ್ಮ ಹಲವಾಗಲಿಗೆ ಫೋನ್ ಹಚ್ಚಿದ್ದಳು. "ಇಲ್ರಿ ಬೀಗತಿ, ಏನೂ ಬೇಜಾರಿಲ್ಲ. ಅಣ್ಣ ಹೋದ್ನಲ್ಲ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೋಡ್ರಿ. ಹೊಂದ್ಕೊಂಡಾಳ. ತಡ್ರಿ, ಕೊಡ್ತೀನಿ." ಹೊರಗೆ ಬಂದು ಸೊಸೆಯ ಮುಖವನ್ನು ಒಮ್ಮೆ ಸರಿಯಾಗಿ ನೋಡಿ, ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಫೋನ್ ಕೊಟ್ಟಳು.

"ಅರಾಮ ಅದೀಯೇನವ್ವ?" ಎಂದಳು ಪುಷ್ಪಲತಾ ಆ ಕಡೆಯಿಂದ. "ಜೋಕಾಲಿ ಕಟ್ಟೀವಿ. ನಿನ್ನ ಭಾಳ ನೆನಸಾಕತ್ತೀವಿ."

"ಅರಾಮ ಅದೀನಿ," ಎಂದಳು ಅಮೃತಾ.

"ಮತ್ತ ಮಾತಾಡವ್ವ ಏನಾದ್ರೂ."

ಅವಳು ಬೋನಿನ ಕಡೆ ತಿರುಗಿದಳು. "ಜಿಮ್ಮಿಗೆ ಚೀಲ ಹೊದಿಸಬೇಕು," ಎಂದು ಹೇಳಿ ಫೋನನ್ನು ಅತ್ತೆಯ ಕೈಗೆ ವಾಪಸ್ಸು ಕೊಟ್ಟಳು.